ಡ್ಯಾಶ್‌ಬೋರ್ಡಿನ ಹಿಂದೆ ಕರೆಂಟ್ ಎಲ್ಲಿ ನಿಂತಿತು?

ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಸ್ಟೀರಿಯೊ, ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್, ರಿವರ್ಸ್ ಕ್ಯಾಮೆರಾದ ಪರದೆ ಇವುಗಳಲ್ಲಿ ಯಾವುದಾದರೊಂದು ಇದ್ದಕ್ಕಿದ್ದಂತೆ ನಿಂತುಹೋದರೆ, ಹೆಚ್ಚಿನ ಸಲ ಕೆಟ್ಟಿರುವುದು ಆ ಉಪಕರಣವಲ್ಲ. ಅದಕ್ಕೆ ಕರೆಂಟ್ ಬರುವ ದಾರಿಯೋ, ಅಲ್ಲಿಂದ ಬ್ಯಾಟರಿಗೆ ಮರಳುವ ದಾರಿಯೋ ನಡುವೆ ಎಲ್ಲೋ ಕಡಿದಿರುತ್ತದೆ. ಆ ಜಾಗವನ್ನು ಹುಡುಕುವುದರಲ್ಲೇ ದುರಸ್ತಿಯ ಮುಕ್ಕಾಲು ಪಾಲು ಮುಗಿಯುತ್ತದೆ. ಸರಿಪಡಿಸುವ ಕೆಲಸ ಹತ್ತು ನಿಮಿಷದ್ದು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಈ ಹುಡುಕಾಟ ಕಾರಿನವರಿಗೆ ಪದೇ ಪದೇ ಬರುವಂಥದ್ದು. ನಾಲ್ಕು ತಿಂಗಳ ಜಡಿಮಳೆ, ಖಾಡಿಯ (ಕಡಲ ಹಿನ್ನೀರಿನ) ಕಡೆಯಿಂದ ಬೀಸುವ ಉಪ್ಪುಗಾಳಿ, ಗುಂಡಿ ಬಿದ್ದ ರಸ್ತೆಯ ಕುಲುಕಾಟ, ಕಟ್ಟಡದ ಕಂಪೌಂಡಿನಲ್ಲಿ ಓಡಾಡುವ ಹೆಗ್ಗಣಗಳು, ಎಲ್ಲವೂ ಸೇರಿ ವೈರಿನ ಮೇಲೆಯೇ ಕೈಮಾಡುತ್ತವೆ.

ಈ ಭಾಗಕ್ಕೂ ಕಾರಿಗೂ ನಂಟು ಹಳೆಯದು. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕುರ್ಲಾದಲ್ಲಿ ಮಾತ್ರವಲ್ಲ, ಡೊಂಬಿವಲಿ–ಕಲ್ಯಾಣದ ಬಳಿಯೂ ಕಾರ್ಖಾನೆ ಇಟ್ಟಿತ್ತು. 1990ರ ದಶಕದಲ್ಲಿ ಫ್ರಾನ್ಸಿನ ಪೂಜೊ ಕಂಪನಿಯ ಜೊತೆಗೂಡಿ 309 ಮಾದರಿಯ ಕಾರುಗಳನ್ನು ಅಲ್ಲಿಯೇ ತಯಾರಿಸಿತು. ಅದೇ ಪ್ರೀಮಿಯರ್‌ನ ಪದ್ಮಿನಿ ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿತು. ಪದ್ಮಿನಿಯ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದರೆ ಸಿಗುತ್ತಿದ್ದದ್ದು ಬೆರಳೆಣಿಕೆಯ ವೈರುಗಳು: ದೀಪ, ವೈಪರ್, ಹಾರ್ನ್, ಮೀಟರುಗಳು. ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಕಣ್ಣಿನಲ್ಲೇ ಕಂಡುಹಿಡಿಯಬಹುದಿತ್ತು. ಈಗಿನ ಸಾಧಾರಣ ಸಣ್ಣ ಕಾರಿನಲ್ಲೂ ಅದೇ ಜಾಗದಲ್ಲಿ ಮುಂಗೈ ದಪ್ಪದ ವೈರಿನ ಕಟ್ಟು ಇದೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್, ಸೀಟ್ ಬೆಲ್ಟ್ ನೆನಪಿಸುವ ಬೀಪ್, ವೇಗದ ಎಚ್ಚರಿಕೆ ಕಡ್ಡಾಯವಾದವು. ಇದರ ಮೇಲೆ ಎಕ್ಸೆಸರೀಸ್ ಅಂಗಡಿಯವರು ಸೇರಿಸಿದ್ದು ಬೇರೆ. ಕಂಪನಿ ಹಾಕಿದ ವೈರಿಂಗ್ ತಾನಾಗಿ ಕೆಡುವುದು ಅಪರೂಪ. ಆಮೇಲೆ ಸೇರಿಸಿದ ವೈರು ಕಂಪನಿಯ ವೈರಿಗೆ ಕೂಡುವ ಜಾಗದಲ್ಲಿಯೇ ತೊಂದರೆ ಹುಟ್ಟುತ್ತದೆ.

ಹುಡುಕುವ ಮೊದಲು ಕರೆಂಟಿನ ದಾರಿ ಗೊತ್ತಿರಬೇಕು. ಕಾರಿನ ಬ್ಯಾಟರಿ 12 ವೋಲ್ಟಿನದು. ಅದರ ಪ್ಲಸ್ ತುದಿಯಿಂದ ಹೊರಟ ಕರೆಂಟ್ ಫ್ಯೂಸ್ ದಾಟಿ, ಸ್ವಿಚ್ ದಾಟಿ, ಉಪಕರಣದೊಳಗೆ ಕೆಲಸ ಮಾಡಿ, ಕಾರಿನ ಕಬ್ಬಿಣದ ಮೈಯ ಮೂಲಕವೇ ಮೈನಸ್ ತುದಿಗೆ ಹಿಂದಿರುಗುತ್ತದೆ. ಮರಳುವ ದಾರಿಗೆ ಪ್ರತ್ಯೇಕ ವೈರು ಎಳೆಯದೆ ಇಡೀ ಬಾಡಿಯನ್ನೇ ವೈರಿನಂತೆ ಬಳಸುವುದಕ್ಕೆ ಗ್ಯಾರೇಜಿನಲ್ಲಿ ‘ಅರ್ಥ್’ ಎನ್ನುತ್ತಾರೆ. ಇನ್ನು ಬರುವ ಕರೆಂಟಿನಲ್ಲಿ ಮೂರು ಬಗೆ. ಕೀಲಿ ತೆಗೆದರೂ ಸದಾ ಇರುವುದು ‘ಡೈರೆಕ್ಟ್’. ಗಡಿಯಾರ, ಸ್ಟೀರಿಯೊದ ನೆನಪು, ಒಳದೀಪ ಇದರಲ್ಲಿ ನಡೆಯುತ್ತವೆ. ಕೀಲಿಯನ್ನು ಒಂದು ಹೆಜ್ಜೆ ತಿರುಗಿಸಿದಾಗ ಬರುವುದು ‘ಎಕ್ಸೆಸರಿ’. ಸ್ಟೀರಿಯೊ ಹಾಡುವುದು, ಚಾರ್ಜರ್ ಸಾಕೆಟ್ ಬದುಕುವುದು ಸಾಮಾನ್ಯವಾಗಿ ಇದರಲ್ಲಿ. ಇನ್ನೊಂದು ಹೆಜ್ಜೆ ತಿರುಗಿಸಿದಾಗ ಬರುವ ‘ಇಗ್ನಿಷನ್’ ಇಂಜಿನ್ನಿಗೂ ಮುಖ್ಯ ಮೀಟರುಗಳಿಗೂ ಸೇರಿದ್ದು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಎಕ್ಸೆಸರಿ ಕರೆಂಟ್ ಬೇಕೆಂದೇ ಕಡಿದು ಮತ್ತೆ ಬರುತ್ತದೆ. ಆ ಕ್ಷಣದಲ್ಲಿ ಡ್ಯಾಶ್‌ಕ್ಯಾಮ್ ಆರಿ ಹೊತ್ತಿದರೆ ಗಾಬರಿಪಡುವ ಕಾರಣವಿಲ್ಲ.

ಯಾವುದೋ ಒಂದು ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ: ಅದರ ಜೊತೆ ಮತ್ತೇನು ನಿಂತಿದೆ? ಈ ಒಂದು ಪ್ರಶ್ನೆ ಅರ್ಧ ದಿನದ ಕೆಲಸ ಉಳಿಸುತ್ತದೆ. ಹೊಸ ಸ್ಟೀರಿಯೊ ಕೂರಿಸಿದ ವಾರದಲ್ಲೇ ಮೀಟರಿನ ಹಿಂದಿನ ದೀಪವೂ ಕಾರಿನ ಹಿಂಬದಿಯ ಪಾರ್ಕಿಂಗ್ ದೀಪವೂ ಒಟ್ಟಿಗೆ ಆರಿದವು ಎಂದುಕೊಳ್ಳೋಣ. ಹಿಂದಿನ ದೀಪಕ್ಕೂ ಸ್ಟೀರಿಯೊಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸುತ್ತದೆ. ಸಂಬಂಧ ಇರುವುದು ಫ್ಯೂಸಿನಲ್ಲಿ. ರಾತ್ರಿ ದೀಪ ಹಾಕಿದಾಗ ಸ್ಟೀರಿಯೊದ ಗುಂಡಿಗಳೂ ಬೆಳಗಲೆಂದು ಪಾರ್ಕಿಂಗ್ ದೀಪದ ಸಾಲಿನಿಂದ ಒಂದು ವೈರು ಸ್ಟೀರಿಯೊದ ಹಿಂದಕ್ಕೆ ಬಂದಿರುತ್ತದೆ. ಹೊಸ ಸೆಟ್ಟಿಗೆ ಆ ವೈರು ಬೇಡವೆಂದು ಬೆತ್ತಲೆ ತುದಿಯಲ್ಲೇ ಬಿಟ್ಟರೆ, ಅದು ಲೋಹದ ಚೌಕಟ್ಟಿಗೆ ತಗುಲಿದ ಗಳಿಗೆಯಲ್ಲಿ ಇಡೀ ಸಾಲಿನ ಫ್ಯೂಸ್ ಹಾರುತ್ತದೆ. ಎರಡು ಬೇರೆ ಬೇರೆ ಕಾಯಿಲೆಗಳಂತೆ ಕಂಡದ್ದಕ್ಕೆ ಬೇರು ಒಂದೇ. ಹಿಂದಿನ ದೀಪ ಆರಿದ್ದು ಓಡಿಸುವವರಿಗೆ ಕಾಣುವುದಿಲ್ಲ. ಘೋಡ್‌ಬಂದರ್ ರಸ್ತೆಯ ರಾತ್ರಿ ಟ್ರಕ್ಕುಗಳ ನಡುವೆ ಅದು ಜೀವಕ್ಕೆ ಬರುವ ವಿಷಯ.

ಎರಡನೆಯ ಹೆಜ್ಜೆ ಫ್ಯೂಸ್. ಹೆಚ್ಚಿನ ಕಾರುಗಳಲ್ಲಿ ಎರಡು ಪೆಟ್ಟಿಗೆಗಳಿವೆ: ಬಾನೆಟ್ಟಿನ ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ದೊಡ್ಡದು, ಡ್ಯಾಶ್‌ಬೋರ್ಡಿನ ಕೆಳಬದಿಯಲ್ಲಿ ಸಣ್ಣದು. ಯಾವ ಫ್ಯೂಸ್ ಯಾವುದರದ್ದು ಎಂಬ ಪಟ್ಟಿ ಮುಚ್ಚಳದ ಒಳಮೈಯಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ. ಚಪ್ಪಟೆ ಕಾಲಿನ ಈ ಫ್ಯೂಸುಗಳಿಗೆ ಬಣ್ಣವೇ ಭಾಷೆ: 7.5 ಆಂಪಿಯರಿಗೆ ಕಂದು, 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ತುಂಡಾಗಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆದರೆ ಕಣ್ಣನ್ನೇ ನಂಬುವಂತಿಲ್ಲ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳು ತೆರೆದೇ ಇರುತ್ತವೆ. ಕೀಲಿ ಹಾಕಿಟ್ಟು, ಟೆಸ್ಟ್ ಲ್ಯಾಂಪಿನ (ಒಂದು ಮೊನೆ, ಒಂದು ಕ್ಲಿಪ್ಪು ಇರುವ ಸಣ್ಣ ಬಲ್ಬಿನ) ಕ್ಲಿಪ್ಪನ್ನು ಬಾಡಿಯ ಲೋಹಕ್ಕೆ ಸಿಕ್ಕಿಸಿ ಮೊನೆಯಿಂದ ಆ ಎರಡನ್ನೂ ಮುಟ್ಟಿದರೆ, ಎರಡರಲ್ಲೂ ದೀಪ ಹೊತ್ತಬೇಕು. ಒಂದರಲ್ಲಿ ಹೊತ್ತಿ ಇನ್ನೊಂದರಲ್ಲಿ ಹೊತ್ತದಿದ್ದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಹೊತ್ತದಿದ್ದರೆ ಕರೆಂಟ್ ಫ್ಯೂಸಿನ ತನಕವೇ ಬಂದಿಲ್ಲ. ಹುಡುಕಾಟ ಹಿಂದಕ್ಕೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ಮತ್ತು ಕೀಲಿಯ ಸ್ವಿಚ್ಚಿನ ಕಡೆಗೆ ಹೋಗಬೇಕು. ರಿಲೇಯ ಮೇಲೆ ಅನುಮಾನವಿದ್ದರೆ ಅದೇ ಪೆಟ್ಟಿಗೆಯಲ್ಲಿರುವ, ಅದೇ ನಂಬರಿನ ಇನ್ನೊಂದು ರಿಲೇಯನ್ನು ಅದಲುಬದಲು ಮಾಡಿ ನೋಡುವುದು ಸುಲಭದ ದಾರಿ.

ಹೋದ ಫ್ಯೂಸ್ ಬದಲಿಸಿದ ಕೂಡಲೇ ಕೆಲಸ ಮುಗಿಯಲಿಲ್ಲ. ಫ್ಯೂಸ್ ಇರುವುದು ಉಪಕರಣವನ್ನು ಕಾಪಾಡಲು ಎಂದು ಹಲವರು ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಪಾಡುವುದು ವೈರನ್ನು. 10 ಆಂಪಿಯರಿನ ಫ್ಯೂಸ್ ಇರುವಲ್ಲಿ ಆ ಸಾಲಿನ ವೈರಿನ ದಪ್ಪವೂ ಅಷ್ಟಕ್ಕೆ ತಕ್ಕದ್ದು. ಮತ್ತೆ ಮತ್ತೆ ಹಾರುತ್ತದೆಂದು 30 ಆಂಪಿಯರಿನದನ್ನು ತುರುಕಿದರೆ, ಅಥವಾ ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆ ಸುತ್ತಿದರೆ, ಮುಂದಿನ ಸಲ ಕರಗುವುದು ವೈರಿನ ಪ್ಲಾಸ್ಟಿಕ್ಕು, ಅದೂ ಡ್ಯಾಶ್‌ಬೋರ್ಡಿನ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ. ಕಾರಿಗೆ ಬೆಂಕಿ ಬೀಳುವ ದಾರಿಗಳಲ್ಲಿ ಇದೊಂದು. ಒಂದು ಫ್ಯೂಸ್ ಹಾರಿದರೆ ಅದೇ ಆಂಪಿಯರಿನದನ್ನು ಒಮ್ಮೆ ಹಾಕಿ ನೋಡಬಹುದು. ಎರಡನೆಯದೂ ಹಾರಿದರೆ ಎಲ್ಲೋ ಶಾರ್ಟ್ ಇದೆ ಎಂದೇ ಅರ್ಥ. ಮೂರನೆಯದನ್ನು ಹಾಕುವ ಮೊದಲು ಆ ಸಾಲಿನ ಉಪಕರಣಗಳನ್ನೆಲ್ಲ ಬಿಚ್ಚಿ, ಒಂದೊಂದಾಗಿ ಮತ್ತೆ ಕೂಡಿಸುತ್ತ ಹೋಗಬೇಕು. ಯಾವುದನ್ನು ಕೂಡಿಸಿದಾಗ ಹಾರಿತೋ ಕಳ್ಳ ಅಲ್ಲಿ.

ಫ್ಯೂಸ್ ಸರಿಯಿದ್ದೂ ಉಪಕರಣ ನಡೆಯದಿದ್ದರೆ ಅಳೆಯುವ ಸಾಧನ ಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಈ ಕೆಲಸಕ್ಕೆ ಸಾಕು. ಗುಂಡಿಯನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಮೊದಲು ಬ್ಯಾಟರಿಯನ್ನೇ ಅಳೆಯುವುದು ಒಳ್ಳೆಯದು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2ರ ಹತ್ತಿರ ಬಂದರೆ ಅರ್ಧಕ್ಕಿಳಿದಿದೆ. ಇಂಜಿನ್ ಓಡುವಾಗ ಸುಮಾರು 13.5ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ, ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರಿನ ದೋಷ. ಆಗ ಯಾವ ಹೊಸ ಉಪಕರಣ ಕೂರಿಸಿದರೂ ಸುಟ್ಟುಹೋಗಬಹುದು.

ಮೀಟರಿನಲ್ಲಿ ಒಂದು ಮೋಸವಿದೆ, ಅದನ್ನು ತಿಳಿಯದೆ ಎಷ್ಟೋ ಒಳ್ಳೆಯ ಸ್ಟೀರಿಯೊಗಳು ಗುಜರಿಗೆ ಹೋಗಿವೆ. ಮಲ್ಟಿಮೀಟರ್ ತಾನು ಕರೆಂಟ್ ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ. ಹತ್ತು ಎಳೆಗಳ ವೈರಿನಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು 12.6 ಎಂದೇ ತೋರಿಸುತ್ತದೆ. ಕರೆಂಟ್ ಬರುತ್ತಿದೆ, ಆದ್ದರಿಂದ ಸೆಟ್ಟೇ ಹೋಗಿದೆ ಎಂಬ ತೀರ್ಮಾನ ಅಲ್ಲಿ ಹುಟ್ಟುತ್ತದೆ. ಗ್ಯಾರೇಜಿನ ಹಳಬರು ಇಂದಿಗೂ ಸಣ್ಣ ಬಲ್ಬು, ಒಂದು ಮೊನೆ, ಒಂದು ಕ್ಲಿಪ್ಪಿನ ಟೆಸ್ಟ್ ಲ್ಯಾಂಪನ್ನು ಕೈಬಿಡದಿರುವುದು ಇದಕ್ಕೇ. 5 ವಾಟಿನ ಬಲ್ಬು ಹೊತ್ತಲು 0.4 ಆಂಪಿಯರಿನಷ್ಟು ಕರೆಂಟ್ ಬೇಕು. ದಾರಿ ಸೊರಗಿದ್ದರೆ ಬಲ್ಬು ಮಂಕಾಗಿ ಉರಿದು ನಿಜ ಹೇಳುತ್ತದೆ. ಮೀಟರೇ ಇರುವುದಾದರೆ ಉಪಕರಣವನ್ನು ಚಾಲೂ ಮಾಡಿಟ್ಟು, ಅದು ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು.

ಲೆಕ್ಕ ಹೀಗಿದೆ. ಒಂದು ಕೆಟ್ಟ ಜಾಯಿಂಟಿನಲ್ಲಿ ಅರ್ಧ ಓಮ್ ಅಡ್ಡಿ ಇದೆ ಎನ್ನೋಣ. ಸ್ಟೀರಿಯೊ ಮೆಲ್ಲನೆ ಹಾಡುತ್ತ 1 ಆಂಪಿಯರ್ ಎಳೆಯುವಾಗ ಅಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್; ಯಾರಿಗೂ ಗೊತ್ತಾಗುವುದಿಲ್ಲ. ಧ್ವನಿ ಏರಿಸಿದಾಗ 4 ಆಂಪಿಯರ್ ಎಳೆದರೆ 2 ವೋಲ್ಟ್ ಅಲ್ಲೇ ಹೋಯಿತು. ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಸೆಟ್ಟಿಗೆ ಸಿಗುವುದು 10 ವೋಲ್ಟಿನ ಆಸುಪಾಸು. ಅದು ಆರಿ, ಮತ್ತೆ ಹೊತ್ತಿ, ಮತ್ತೆ ಆರುತ್ತದೆ. ಕಳೆದುಹೋದ ಆ 2 ವೋಲ್ಟ್ ಗಾಳಿಗೆ ಹೋಗಲಿಲ್ಲ. ಆ ಜಾಯಿಂಟಿನಲ್ಲಿ 8 ವಾಟಿನ ಬಿಸಿಯಾಗಿ ಕೂತಿದೆ, ಟೇಪನ್ನು ಮೆತ್ತಗೆ ಬೇಯಿಸುತ್ತಿದೆ. ಹಾಡು ಜೋರಾದಾಗ ಮಾತ್ರ ಸೆಟ್ಟು ಆರುತ್ತದೆ ಎಂಬ ದೂರು ಬಂದರೆ ಸೆಟ್ಟನ್ನು ಮುಟ್ಟುವ ಮೊದಲು ಜಾಯಿಂಟುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಬಿಸಿಯಾಗಿರುವುದು ತಾನೇ ಹೇಳುತ್ತದೆ.

ಬರುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯ. ‘ಅರ್ಥಿಂಗ್ ನಹೀ ಮಿಲ್ ರಹಾ’ (ಅರ್ಥ್ ಸಿಗುತ್ತಿಲ್ಲ) ಎಂಬ ಮಾತು ಕಲ್ಯಾಣ–ಶಿಳ್ ರಸ್ತೆಯ ಯಾವ ಗ್ಯಾರೇಜಿನಲ್ಲಿ ನಿಂತರೂ ಕಿವಿಗೆ ಬೀಳುವಂಥದ್ದು, ಮತ್ತು ಆ ಮಾತು ಬಹಳ ಸಲ ಸರಿಯಾಗಿಯೇ ಇರುತ್ತದೆ. ಅರ್ಥ್ ಸೊರಗಿದಾಗಿನ ಲಕ್ಷಣಗಳು ವಿಚಿತ್ರ. ಬ್ರೇಕ್ ಒತ್ತಿದರೆ ಪರದೆ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಸ್ಪೀಕರಿನಲ್ಲಿ ಟಕ್ ಟಕ್ ಎನ್ನುತ್ತದೆ. ತನ್ನ ದಾರಿ ಮುಚ್ಚಿದ ಕರೆಂಟ್ ಪಕ್ಕದ ಉಪಕರಣದ ದಾರಿಯಲ್ಲಿ ನುಗ್ಗಿ ಮರಳಲು ನೋಡುವುದರ ಫಲ ಇದು. ಪರೀಕ್ಷೆ ಸುಲಭ: ಉಪಕರಣ ಚಾಲೂ ಇರುವಾಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಉಪಕರಣದ ಅರ್ಥ್ ವೈರಿಗೂ ಇಟ್ಟರೆ ಸೊನ್ನೆಯ ಹತ್ತಿರ ಬರಬೇಕು. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಶುದ್ಧವಿಲ್ಲ. ಬಣ್ಣ ಬಳಿದ ತಗಡಿನ ಮೇಲೆ ಸ್ಕ್ರೂ ಬಿಗಿದಿರುವುದು, ಪ್ಲಾಸ್ಟಿಕ್ ಪಟ್ಟಿಯ ಸ್ಕ್ರೂವಿಗೆ ಅರ್ಥ್ ಕೊಟ್ಟಿರುವುದು, ಸ್ಕ್ರೂ ಕೆಳಗೆ ತುಕ್ಕು ಕೂತಿರುವುದು ಸಾಮಾನ್ಯ ಕಾರಣಗಳು. ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ವೈರಿನ ತುದಿಗೆ ಬಳೆಯಂಥ ಟರ್ಮಿನಲ್ ಒತ್ತಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ವರ್ಷಗಟ್ಟಲೆ ಬಾಳುತ್ತದೆ.

ಜಾಯಿಂಟಿನ ವಿಷಯದಲ್ಲಿ ಈ ಊರುಗಳ ಹವೆಯನ್ನು ಮರೆಯುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಥಾಣೆ ಜಿಲ್ಲೆಯಲ್ಲಿ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಎರಡು ಮಳೆಗಾಲ ಕಂಡ, ವಾಶಿ–ನೆರೂಲಿನ ಖಾಡಿಯ ಬದಿಯಲ್ಲಿ ನಿಲ್ಲುವ ಕಾರಿನ ಸ್ಟೀರಿಯೊವನ್ನು ಹೊರಗೆಳೆದು ನೋಡಿದರೆ ಚಿತ್ರ ಸಾಮಾನ್ಯವಾಗಿ ಒಂದೇ. ಕಪ್ಪು ಟೇಪಿನ ಅಂಟು ಬೆವರಿ ಜಾರಿದೆ. ಮುಟ್ಟಿದರೆ ಬೆರಳಿಗೆ ಕಾಡಿಗೆಯಂತೆ ಹತ್ತುತ್ತದೆ. ಟೇಪು ಬಿಚ್ಚಿದರೆ ಒಳಗೆ ಎರಡು ವೈರುಗಳನ್ನು ಬತ್ತಿ ಹೊಸೆದ ಹಾಗೆ ಹೊಸೆದು ಬಿಟ್ಟಿದ್ದಾರೆ. ತಾಮ್ರದ ಹೊಳಪು ಎಲ್ಲೂ ಇಲ್ಲ, ಬೂದು ಮಿಶ್ರಿತ ಹಸಿರು ಪುಡಿ. ಎಳೆದರೆ ಎಳೆಗಳು ಅವಲಕ್ಕಿಯ ಹಾಗೆ ಮುರಿಯುತ್ತವೆ. ಹೊಸೆದ ಜಾಯಿಂಟು ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದೇ ಅದರ ಅಪಾಯ. ಎಳೆಗಳ ನಡುವಿನ ಸಂದಿಗೆ ತೇವ ಇಳಿಯುತ್ತದೆ, ತೇವದಲ್ಲಿ ಉಪ್ಪು ಇರುತ್ತದೆ. ಉಪ್ಪು ನೀರಿನಲ್ಲಿ 12 ವೋಲ್ಟಿನ ಪ್ಲಸ್ ಇದ್ದರೆ ತಾಮ್ರ ಕರಗುತ್ತ ಹೋಗುತ್ತದೆ. ವೈರುಗಳನ್ನು ಜೋಡಿಸುವ ಕಪ್ಲರ್ ಒದ್ದೆಯಾಗಿ, ಅದನ್ನು ತೆರೆದಾಗ ಡೈರೆಕ್ಟ್ ಕರೆಂಟಿನ ಪಿನ್ನೇ ಎಲ್ಲಕ್ಕಿಂತ ಹೆಚ್ಚು ತಿಂದುಹೋಗಿರುವುದು ಇದೇ ಕಾರಣಕ್ಕೆ: ಕಾರು ನಿಂತಿದ್ದರೂ ಅದರಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆ ವೋಲ್ಟೇಜ್ ಇರುತ್ತದೆ.

ನೀರು ಒಳಗೆ ಬರುವ ದಾರಿಗಳೂ ಗೊತ್ತಿರಬೇಕು. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ ಜಾಲರಿಯಿದೆ. ಅಲ್ಲಿ ಬಿದ್ದ ಮಳೆನೀರು ಎರಡು ಬದಿಯ ತೂತುಗಳಿಂದ ಕೆಳಗಿಳಿಯುತ್ತದೆ. ಮೇ ತಿಂಗಳಲ್ಲಿ ಗುಲ್‌ಮೊಹರ್ ಕೆಳಗೆ ನಿಲ್ಲಿಸಿದ ಕಾರಿನ ಜಾಲರಿಯೊಳಗೆ ಅದರ ಚೂರು ಎಲೆಗಳು ತುಂಬಿ, ಜೂನ್ ಮಳೆಗೆ ಕೆಸರಾಗಿ ತೂತು ಮುಚ್ಚುತ್ತವೆ. ಆಗ ನೀರು ಎಸಿಯ ಗಾಳಿ ತಳ್ಳುವ ಬ್ಲೋವರಿನ ದಾರಿಯಲ್ಲಿ ಒಳನುಗ್ಗಿ ಡ್ಯಾಶ್‌ಬೋರ್ಡಿನ ಕೆಳಗಿನ ಕಪ್ಲರುಗಳನ್ನು ತೋಯಿಸುತ್ತದೆ. ಬೇಸಗೆಯಲ್ಲೂ ಕಾಲಡಿಯ ಕಾರ್ಪೆಟ್ ಒದ್ದೆಯಾದರೆ ಕಾರಣ ಬೇರೆ: ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದೆ.

ಇನ್ನು ಒಂದೊಂದೇ ಉಪಕರಣ. ಸಿಗರೇಟ್ ಲೈಟರಿಗೆಂದು ಹುಟ್ಟಿ ಈಗ ಚಾರ್ಜರಿನ ಮನೆಯಾಗಿರುವ ಸಾಕೆಟ್ಟಿನಲ್ಲಿ ನಡುವಿನ ಗುಂಡಿ ಪ್ಲಸ್, ಸುತ್ತಲಿನ ಗೋಡೆ ಅರ್ಥ್. ಗೇರಿನ ಹಿಂದೆ ಟೋಲಿಗೆಂದು ಚಿಲ್ಲರೆ ಹಾಕಿಡುವ ಅಭ್ಯಾಸ ಫಾಸ್ಟ್ಯಾಗ್ ಬಂದ ಮೇಲೂ ಹೋಗಿಲ್ಲ. ಒಂದು ರೂಪಾಯಿ ನಾಣ್ಯ ಜಾರಿ ಬಾಯ್ತೆರೆದ ಸಾಕೆಟ್ಟಿಗೆ ಬಿದ್ದರೆ ಗುಂಡಿಗೂ ಗೋಡೆಗೂ ಸೇತುವೆಯಾಗಿ ಫ್ಯೂಸ್ ಹಾರುತ್ತದೆ. ಅಗ್ಗದ ಚಾರ್ಜರಿನ ತುದಿಯ ಸ್ಪ್ರಿಂಗ್ ಕಳಚಿ ಒಳಗೇ ಉಳಿದಾಗಲೂ ಅದೇ ಗತಿ. ಟಾರ್ಚ್ ಹಾಕಿ ನೋಡುವುದು ಮೊದಲ ಕೆಲಸ, ಮತ್ತು ತೆಗೆಯುವುದು ಫ್ಯೂಸ್ ಕಿತ್ತ ಮೇಲೆಯೇ. ಸಾಕೆಟ್ಟಿನ ಮೇಲೆ 120 ವಾಟ್ ಎಂದು ಬರೆದಿದ್ದರೆ ಅದು 10 ಆಂಪಿಯರಿಗೆ ಸಮ. 30 ವಾಟಿನ ಚಾರ್ಜರ್ ಎಳೆಯುವುದು ಎರಡೂವರೆ ಆಂಪಿಯರ್ ಮಾತ್ರ, ಆದರೆ ಟಯರಿಗೆ ಗಾಳಿ ತುಂಬುವ ಪುಟ್ಟ ಪಂಪೊಂದೇ ಹತ್ತರ ಹತ್ತಿರ ಎಳೆಯಬಲ್ಲದು. ಗಣೇಶ ಚತುರ್ಥಿಗೋ ಮೇ ರಜೆಗೋ ಪನವೇಲಿನಿಂದ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಉಡುಪಿ–ಮಂಗಳೂರಿನ ಕಡೆ ಹೊರಡುವ ಕುಟುಂಬಗಳು ಒಂದು ಸಾಕೆಟ್ಟಿಗೆ ಮೂರು ಕವಲಿನ ಸಾಧನ ಹಾಕಿ ಎಲ್ಲವನ್ನೂ ಒಟ್ಟಿಗೆ ನಡೆಸುವಾಗ ಈ ಲೆಕ್ಕ ನೆನಪಿರಬೇಕು. ಘಟ್ಟದ ನಡುವೆ ಮ್ಯಾಪ್ ತೋರಿಸುವ ಮೊಬೈಲಿನ ಚಾರ್ಜ್ ಮುಗಿದರೆ ಕಷ್ಟ. ಬಿಡಿ ಫ್ಯೂಸ್ ಎರಡು ಕೈಯಲ್ಲಿದ್ದರೆ ಒಳ್ಳೆಯದು. ಕೆಲವು ಚಾರ್ಜರುಗಳ ತುದಿಯನ್ನು ತಿರುಗಿಸಿ ಬಿಚ್ಚಿದರೆ ಅದರೊಳಗೂ ಒಂದು ಗಾಜಿನ ಫ್ಯೂಸ್ ಇರುತ್ತದೆ.

ಸ್ಟೀರಿಯೊದ ಹಿಂದಿನ ವೈರುಗಳಿಗೆ ಹೊರಗಿನ ಸೆಟ್ಟು ಮಾಡುವವರಲ್ಲಿ ಒಂದು ವಾಡಿಕೆಯಿದೆ: ಹಳದಿ ಡೈರೆಕ್ಟ್, ಕೆಂಪು ಎಕ್ಸೆಸರಿ, ಕಪ್ಪು ಅರ್ಥ್, ನೀಲಿ ಆಂಟೆನಾ, ಕಿತ್ತಳೆ ರಾತ್ರಿಯ ದೀಪ, ಬಿಳಿ, ಬೂದು, ಹಸಿರು, ನೇರಳೆ ಸ್ಪೀಕರುಗಳಿಗೆ. ಕಾರಿನ ಕಂಪನಿಯ ವೈರುಗಳು ಈ ಬಣ್ಣಗಳನ್ನು ಪಾಲಿಸಬೇಕೆಂದಿಲ್ಲ, ಆದ್ದರಿಂದ ಬಣ್ಣ ನೋಡಿ ಬಣ್ಣಕ್ಕೆ ಕಟ್ಟಬಾರದು, ಅಳೆದೇ ಕಟ್ಟಬೇಕು. ಕೀಲಿ ತೆಗೆದಾಗಲೆಲ್ಲ ಸ್ಟೇಷನ್ನುಗಳನ್ನೂ ಸಮಯವನ್ನೂ ಸೆಟ್ಟು ಮರೆಯುತ್ತಿದ್ದರೆ ಹಳದಿ–ಕೆಂಪು ಅದಲುಬದಲಾಗಿರಬಹುದು, ಅಥವಾ ಎರಡೂ ಎಕ್ಸೆಸರಿಗೇ ಕೂಡಿರಬಹುದು. ಕೀಲಿ ತೆಗೆದರೂ ಸೆಟ್ಟು ಆರದಿದ್ದರೆ ಎರಡೂ ಡೈರೆಕ್ಟಿಗೆ ಕೂಡಿವೆ. ಹೊಸ ಸೆಟ್ಟಿನಲ್ಲಿ ಉಳಿದದ್ದೆಲ್ಲ ಸರಿಯಿದ್ದು 107.1ರ ಎಫ್‌ಎಂ ರೇನ್‌ಬೋ ಮಾತ್ರ ಗರಗರ ಎಂದರೆ ನೀಲಿ ವೈರಿನ ಕಡೆ ನೋಡಬೇಕು. ಕೆಲವು ಕಾರುಗಳ ಆಂಟೆನಾದ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇದ್ದು, ಅದಕ್ಕೆ ಕರೆಂಟ್ ಆ ವೈರಿನಿಂದಲೇ ಹೋಗುತ್ತದೆ. ಇನ್ನೊಂದು ಸುಲಭದ ಪರೀಕ್ಷೆ, ಚಾರ್ಜರನ್ನೂ ಡ್ಯಾಶ್‌ಕ್ಯಾಮನ್ನೂ ಸಾಕೆಟ್ಟಿನಿಂದ ಕಿತ್ತು ನೋಡುವುದು. ಗರಗರ ನಿಂತರೆ ರೇಡಿಯೊ ನಿರಪರಾಧಿ. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನ ಕುಂಯ್ ಸದ್ದು ಏರುತ್ತಿದ್ದರೆ ಅದು ಆಲ್ಟರ್ನೇಟರಿನಿಂದ ನುಸುಳುವ ಸದ್ದು, ಮದ್ದು ಹೆಚ್ಚಾಗಿ ಅರ್ಥಿನಲ್ಲಿಯೇ.

ರಿವರ್ಸ್ ಕ್ಯಾಮೆರಾ ಕೆಟ್ಟಾಗ ಪರದೆಯೇ ಅರ್ಧ ಉತ್ತರ ಕೊಡುತ್ತದೆ. ರಿವರ್ಸ್ ಗೇರ್ ಹಾಕಿದರೂ ಪರದೆ ಬದಲಾಗದಿದ್ದರೆ, ಗೇರ್ ಬಿದ್ದಿದೆ ಎಂದು ಅದಕ್ಕೆ ತಿಳಿಸುವ ವೈರು ಕಡಿದಿದೆ. ಪರದೆ ಬದಲಾಗಿ ಕಪ್ಪಾಗಿ ನಿಂತರೆ ಸುದ್ದಿ ಮುಟ್ಟಿದೆ, ಚಿತ್ರ ಬಂದಿಲ್ಲ: ಕ್ಯಾಮೆರಾಕ್ಕೆ ಕರೆಂಟ್ ಇಲ್ಲ ಅಥವಾ ಚಿತ್ರದ ಕೇಬಲ್ ಕಡಿದಿದೆ. ಈ ಕ್ಯಾಮೆರಾಗಳು ಹೆಚ್ಚಾಗಿ ರಿವರ್ಸ್ ದೀಪದಿಂದಲೇ ಕರೆಂಟ್ ಪಡೆಯುವುದರಿಂದ ಆ ದೀಪ ಹೊತ್ತುತ್ತಿದೆಯೇ ಎಂದು ನೋಡಬೇಕು. ಅದೂ ಸರಿಯಿದ್ದರೆ ಕೈ ಹೋಗಬೇಕಾದದ್ದು ಡಿಕ್ಕಿಯ ಬಾಗಿಲ ಕೀಲಿನ ಬಳಿಯ ರಬ್ಬರ್ ಕೊಳವೆಗೆ. ಬಾಗಿಲು ತೆರೆದು ಮುಚ್ಚಿದ ಪ್ರತಿ ಸಲವೂ ಅಲ್ಲಿ ವೈರು ಬಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ಮುರಿದಿರುತ್ತದೆ.

ಬ್ಲೋವರಿನದು ಪಾಠದಂಥ ದೋಷ. ಒಂದು, ಎರಡು, ಮೂರರಲ್ಲಿ ಗಾಳಿ ಇಲ್ಲ. ನಾಲ್ಕರಲ್ಲಿ ಮಾತ್ರ ಭರ್ರೆಂದು ಬರುತ್ತದೆ. ಮೋಟಾರೂ ಫ್ಯೂಸೂ ಸರಿಯಿವೆ ಎಂದು ಆ ನಾಲ್ಕನೆಯದೇ ಸಾಕ್ಷಿ ಹೇಳುತ್ತಿದೆ. ಕಡಿಮೆ ವೇಗಗಳಲ್ಲಿ ಕರೆಂಟನ್ನು ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಪೂರ್ಣ ವೇಗದಲ್ಲಿ ಕರೆಂಟ್ ಅದನ್ನು ಬಿಟ್ಟು ನೇರ ಹೋಗುತ್ತದೆ. ಆ ರೆಸಿಸ್ಟರ್ ಇರುವುದು ಬ್ಲೋವರಿನ ಗಾಳಿಯಲ್ಲೇ, ತಂಪಾಗಲೆಂದು. ಎಸಿ ಫಿಲ್ಟರ್ ಧೂಳು ಕಟ್ಟಿ ಗಾಳಿ ಕಡಿಮೆಯಾದರೆ ಅದು ಬೇಗ ಸುಡುತ್ತದೆ.

ಈ ಭಾಗದಲ್ಲಿ ಸಿಎನ್‌ಜಿ ಕಾರುಗಳು ಹೇರಳ. ಹೊರಗೆ ಕಿಟ್ ಹಾಕಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್–ಗ್ಯಾಸ್ ಬದಲಿಸುವ ಪುಟ್ಟ ಸ್ವಿಚ್ಚೂ ಗ್ಯಾಸಿನ ಮಟ್ಟ ತೋರುವ ಸಾಲುದೀಪಗಳೂ ಇರುತ್ತವೆ. ಪಂಪಿನಲ್ಲಿ ಗಂಟೆಗಟ್ಟಲೆ ಸಾಲು ನಿಂತು ಸಿಲಿಂಡರ್ ತುಂಬಿಸಿ ಬಂದರೂ ಒಂದೇ ದೀಪ ಹೊತ್ತಿದರೆ, ಸಿಲಿಂಡರಿಗಿಂತ ಮೊದಲು ಅನುಮಾನಿಸಬೇಕಾದದ್ದು ಬಾನೆಟ್ಟಿನೊಳಗಿನ ಒತ್ತಡದ ಮೀಟರಿನಿಂದ ಬರುವ ವೈರಿನ ಕಪ್ಲರನ್ನು. ಗ್ಯಾಸಿನ ವಾಸನೆ ಸ್ವಲ್ಪವಾದರೂ ಬಂದರೆ ಇಲ್ಲಿಯವರೆಗೆ ಹೇಳಿದ ಯಾವ ಪರೀಕ್ಷೆಯನ್ನೂ ಮಾಡಬಾರದು. ಸಿಲಿಂಡರಿನ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಕಿಡಿ ಹಾರಿಸುವ ಏನನ್ನೂ ಮುಟ್ಟದೆ ಕಿಟ್ಟಿನವರನ್ನು ಕರೆಯಬೇಕು.

ಉಪಕರಣ ನಡೆಯದಿರುವುದು ಒಂದು ದೋಷವಾದರೆ, ನಿಲ್ಲಬೇಕಾದಾಗ ನಿಲ್ಲದಿರುವುದು ಇನ್ನೊಂದು. ಊರಿಗೆಂದು ರೈಲಿನಲ್ಲಿ ಹೋಗಿ ವಾರ ಬಿಟ್ಟು ಡೊಂಬಿವಲಿಗೆ ಮರಳಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್–ಗಂಟೆಯದು. ಡೈರೆಕ್ಟಿಗೆ ಕಟ್ಟಿದ ಡ್ಯಾಶ್‌ಕ್ಯಾಮ್ ಕಾಲು ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 6, ಮೂರು ದಿನಕ್ಕೆ 18 ಆಂಪಿಯರ್–ಗಂಟೆ. ಅರ್ಧ ಬ್ಯಾಟರಿ ಖಾಲಿ. ಬೀಗ ಹಾಕಿದ ಕಾರು ಎಳೆಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರಿನೊಳಗೆ ಇರಬೇಕು. ಅಳೆಯುವುದಕ್ಕೆ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲಿಗೂ ತುದಿಗೂ ನಡುವೆ ಮೀಟರನ್ನು 10 ಆಂಪಿಯರಿನ ತೂತಿನಲ್ಲಿ ಕೂಡಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಬೇಕು; ಈಗಿನ ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ರೆಗೆ ಹೋಗಲು ಅಷ್ಟು ಹೊತ್ತು ಬೇಕು. ಆಮೇಲೂ ಅಂಕಿ ದೊಡ್ಡದಾಗಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದರೆ ಯಾವ ಸಾಲಿನಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ. ಮೀಟರ್ ಕೂಡಿಸಿಟ್ಟು ಕಾರು ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಸುಡುತ್ತದೆ. ಟ್ಯಾಕ್ಸಿಗಳಲ್ಲಿ ಕಡ್ಡಾಯವಾಗಿ ಇರುವ, ಗಾಡಿ ಎಲ್ಲಿದೆ ಎಂದು ತಿಳಿಸುವ ಸಾಧನವೂ ಡೈರೆಕ್ಟಿನಲ್ಲೇ ನಡೆಯುತ್ತದೆ. ಬ್ಯಾಟರಿ ಉಳಿಸಲೆಂದು ಅದನ್ನು ಕೀಳುವಂತಿಲ್ಲ.

ನಿಂತ ಕಾರಿಗೆ ಇಲಿಯ ಕಾಟವೂ ಇದೆ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ನಿನ ಮೇಲೆ ಗೂಡು ಕಟ್ಟುವ ಇಲಿ, ವೈರು ದಾಟುವ ರಬ್ಬರ್ ತೂತುಗಳಿಂದ ಒಳಗೂ ಬರುತ್ತದೆ. ಕಚ್ಚಿದ ವೈರಿನ ಗುರುತು ಸ್ಪಷ್ಟ: ಪ್ಲಾಸ್ಟಿಕ್ ಚೂರು, ಹಿಕ್ಕೆ, ತಾಮ್ರದ ಮೇಲೆ ಹಲ್ಲಿನ ಗೀರು. ಒಂದು ವೈರು ಕಂಡರೆ ಅಲ್ಲಿಗೆ ನಿಲ್ಲಿಸದೆ ಇಡೀ ಕಟ್ಟನ್ನು ಬಿಚ್ಚಿ ನೋಡಬೇಕು. ಅರ್ಧ ಕಚ್ಚಿ ಬಿಟ್ಟ ಪಕ್ಕದ ವೈರೇ ಮುಂದಿನ ತಿಂಗಳ ದೋಷ.

ಮನೆಯವರು ಕೈ ಹಾಕಬಾರದ ಜಾಗಗಳೂ ಇವೆ. ಹಳದಿ ಕವಚದ, ಹಳದಿ ಕಪ್ಲರಿನ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಟೆಸ್ಟ್ ಲ್ಯಾಂಪಿನ ಅಷ್ಟು ಕರೆಂಟಿಗೆ ಏರ್‌ಬ್ಯಾಗ್ ಸಿಡಿಯಬಹುದು. ಅವನ್ನು ಚುಚ್ಚಲೂಬಾರದು, ಬಿಚ್ಚಲೂಬಾರದು. ಅದೇ ರೀತಿ ಜೋಡಿ ಜೋಡಿಯಾಗಿ ಹೆಣೆದ ಸಪೂರ ವೈರುಗಳು ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ದಾರಿ. ಅದರಿಂದ ಕರೆಂಟ್ ಕದ್ದರೆ ಚಾರ್ಜರಿಗೆ ಸಂಬಂಧವೇ ಇಲ್ಲದ ಎಚ್ಚರಿಕೆ ದೀಪಗಳು ಮೀಟರಿನಲ್ಲಿ ಹೊತ್ತುತ್ತವೆ. ಯಾವುದೇ ವೈರು ಕತ್ತರಿಸುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು, ಮೈನಸ್ಸನ್ನೇ ಮೊದಲು. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ನೇರ ಶಾರ್ಟ್; ಮೈನಸ್ ಆಗಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗುವುದಿಲ್ಲ. ಕೆಲವು ಕಾರುಗಳ ಸ್ಟೀರಿಯೊ ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಹೊಸ ಉಪಕರಣ ಕೂರಿಸುವಾಗ ಕಂಪನಿಯ ವೈರನ್ನು ಕತ್ತರಿಸದಂತೆ ಅಂಗಡಿಯವರಿಗೆ ಮೊದಲೇ ಹೇಳುವುದು ಒಳಿತು. ಹೆಚ್ಚಿನ ಮಾದರಿಗಳಿಗೆ ತಕ್ಕ ಕಪ್ಲರ್ ಬಜಾರಿನಲ್ಲಿ ಸಿಗುತ್ತದೆ. ಒಂದು ತುದಿ ಕಾರಿನದಕ್ಕೆ, ಇನ್ನೊಂದು ತುದಿ ಸೆಟ್ಟಿಗೆ ಕೂರುತ್ತದೆ. ಕತ್ತರಿಸಿದ ವೈರು ಕಂಡರೆ ಕಂಪನಿಯ ಸರ್ವಿಸ್ ಸೆಂಟರಿನವರು ಆ ಭಾಗದ ವಾರಂಟಿಯನ್ನೇ ತಳ್ಳಿಹಾಕಬಹುದು. ಜಾಯಿಂಟು ಮಾಡಲೇಬೇಕಾದರೆ ಒತ್ತಿ ಕೂರಿಸುವ ಟರ್ಮಿನಲ್ ಬಳಸಿ, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ ಹಾಕಬೇಕು. ಒಳಗೆ ಅಂಟು ಇರುವ ಕೊಳವೆ ಸಿಕ್ಕರೆ ತೇವವೂ ಇಳಿಯುವುದಿಲ್ಲ. ಡ್ಯಾಶ್‌ಕ್ಯಾಮಿಗೆ ಕರೆಂಟ್ ತೆಗೆಯಲು ಫ್ಯೂಸ್ ಪೆಟ್ಟಿಗೆಯಲ್ಲೇ ಕೂರುವ, ತನ್ನದೇ ಫ್ಯೂಸ್ ಇರುವ ಟ್ಯಾಪ್ ಇದೆ. ಕೆಲಸ ಮುಗಿದ ಮೇಲೆ ವೈರಿನ ಕಟ್ಟನ್ನು ಸ್ಟೇರಿಂಗ್ ಕಂಬಕ್ಕೂ ಪೆಡಲಿಗೂ ತಾಗದಂತೆ ಕಟ್ಟಿ, ಎಲ್ಲ ಉಪಕರಣಗಳನ್ನೂ ಒಟ್ಟಿಗೆ ಹಚ್ಚಿ, ವೈರನ್ನು ಅಲ್ಲಾಡಿಸಿ ನೋಡಬೇಕು. ಅಲ್ಲಾಡಿಸಿದಾಗ ಮಿಣುಕಿದ್ದು ಮೊದಲ ಸ್ಪೀಡ್ ಬ್ರೇಕರಿನಲ್ಲೇ ಆರುತ್ತದೆ. ಆಮೇಲೆ ಬರುವ ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಕಾಲಡಿಯ ಮ್ಯಾಟ್ ಎತ್ತಿ, ಫ್ಯೂಸ್ ಪೆಟ್ಟಿಗೆಯ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ಒಮ್ಮೆ ನೋಡಬೇಕು, ಒಣಗಿದೆಯೇ ಎಂದು.